ಇಬ್ಬರ ಕೋಣೆ, ಒಬ್ಬರ ಪಯಣ

ಉಡುಪಿ ಕಡೆಯಲ್ಲಿ ಯಾರಾದರೂ ಪ್ರವಾಸ ಹೊರಟರೆ, ಎಲ್ಲಿಗೆ ಎಂದು ಕೇಳಿದವರೇ ಮರುಕ್ಷಣ ‘ಯಾರೊಟ್ಟಿಗೆ?’ ಎಂದೂ ಕೇಳುತ್ತಾರೆ. ಒಬ್ಬರೇ ಎಂದರೆ ಮಾತು ಅಲ್ಲೇ ತಡೆಯುತ್ತದೆ. ಹಾಗೆಂದು ಒಂಟಿಯಾಗಿ ಕಡಲಿಗಿಳಿಯುವುದು ಈ ಊರಿಗೆ ಹೊಸತಲ್ಲ. ಕೊಂಕಣ ರೈಲು ಬರುವುದಕ್ಕೆ ಎಷ್ಟೋ ಮೊದಲು, ಮಳೆಗಾಲ ಮುಗಿದು ಸ್ಟೀಮರ್ ಓಡಾಟ ಶುರುವಾದೊಡನೆ ಇಲ್ಲಿನ ಹುಡುಗರು ಹೋಟೆಲ್ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋಗುತ್ತಿದ್ದರು. ಇಂದಿಗೂ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಕರಾವಳಿಯ ಯುವಕರು ದೇಶ ದೇಶಗಳ ಕ್ರೂಸ್ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ದುಡಿಮೆಗೆ ಒಬ್ಬರೇ ಹೋದರೆ ಅದು ಸಾಹಸ, ಸುಮ್ಮನೆ ಸುಖಕ್ಕೆ ಹೋದರೆ ವಿಚಿತ್ರ. ಇಷ್ಟೇ ನಮ್ಮ ತಕರಾರು. ನಿವೃತ್ತರಾದ ಶಿಕ್ಷಕಿ, ಮಕ್ಕಳೆಲ್ಲ ಪರವೂರಲ್ಲಿರುವ ತಂದೆ, ಮದುವೆಯ ಗೊಡವೆಗೆ ಹೋಗದ ಬ್ಯಾಂಕ್ ಉದ್ಯೋಗಿ, ಹೀಗೆ ಜತೆ ಸಿಗದೆ ಪ್ರವಾಸವನ್ನೇ ಕೈಬಿಟ್ಟವರು ನಮ್ಮ ನಡುವೆ ಕಡಿಮೆಯಿಲ್ಲ. ಅಂಥವರ ಮೊದಲ ಒಂಟಿ ಪ್ರವಾಸಕ್ಕೆ ಹಡಗಿನಷ್ಟು ಹೊಂದುವ ಜಾಗ ಇನ್ನೊಂದಿಲ್ಲ. ಬೇಕಾದದ್ದು ಎದೆಗಾರಿಕೆಗಿಂತ ಹೆಚ್ಚಾಗಿ ಸರಿಯಾದ ಲೆಕ್ಕಾಚಾರ.

ಒಂಟಿ ಪ್ರವಾಸಿಯನ್ನು ದಣಿಸುವುದು ಒಂಟಿತನವಲ್ಲ, ದಿನವೂ ಮತ್ತೆ ಮತ್ತೆ ಎದುರಾಗುವ ಮೂರು ಚಿಂತೆಗಳು: ರಾತ್ರಿ ಎಲ್ಲಿ ತಂಗುವುದು, ಊಟ ಎಲ್ಲಿ ಮಾಡುವುದು, ಕತ್ತಲಾದ ಮೇಲೆ ಮುಂದಿನ ಊರು ಸೇರುವುದು ಹೇಗೆ. ಹಡಗಿನಲ್ಲಿ ಈ ಮೂರೂ ಒಮ್ಮೆಗೇ ತೀರುತ್ತವೆ. ಚೀಲವನ್ನು ಒಮ್ಮೆ ಬಿಚ್ಚಿಟ್ಟರಾಯಿತು, ಊರುಗಳೇ ನಮ್ಮ ಬಳಿಗೆ ಬರುತ್ತವೆ. ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಕೋಣೆ, ಮುಖ್ಯ ಊಟದ ಮನೆಯ ಊಟ, ಸಂಜೆಯ ಕಾರ್ಯಕ್ರಮ ಎಲ್ಲವೂ ಸೇರಿರುತ್ತವೆ. ಕೃಷ್ಣ ಮಠದ ಪಂಕ್ತಿಯಲ್ಲಿ ಒಬ್ಬರೇ ಕುಳಿತವರನ್ನು ಯಾರೂ ಒಂಟಿ ಎಂದು ನೋಡುವುದಿಲ್ಲ. ಹಡಗಿನ ಊಟದ ಮೇಜೂ ಹೆಚ್ಚುಕಡಿಮೆ ಹಾಗೆಯೇ. ಮಾತು ಬೇಕಿದ್ದವರಿಗೆ ಮಾತು ಸಿಗುತ್ತದೆ, ಬೇಡವೆನಿಸಿದರೆ ಎದ್ದು ಡೆಕ್‌ಗೆ ಹೋಗಬಹುದು. ಇದಕ್ಕಾಗಿ ಯುರೋಪಿಗೇ ಹೋಗಬೇಕೆಂದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಸಂಸ್ಥೆ ಮುಂಬಯಿಯಿಂದ ದೇಶದೊಳಗಿನ ಕ್ರೂಸ್ ಆರಂಭಿಸಿತು. ಅದರ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಸಾಗಿದೆ. ಪಣಂಬೂರಿನ ನವಮಂಗಳೂರು ಬಂದರಿಗೂ ಕ್ರೂಸ್ ಹಡಗುಗಳು ಬರುತ್ತವೆ. ಅವುಗಳಿಂದ ಇಳಿದ ವಿದೇಶೀಯರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟ ನೋಡಿ ಸಂಜೆಯೊಳಗೆ ಹಡಗು ಹತ್ತುತ್ತಾರೆ.

ಹಾಗಾದರೆ ಅಡ್ಡಿ ಏನು? ಬೆಲೆ. ಉಡುಪಿಯಿಂದ ಮುಂಬಯಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಒಬ್ಬರಿಗೆ ಒಂದು ಬರ್ತ್, ಒಂದು ದರ. ಹಡಗಿನಲ್ಲಿ ಮಾರಾಟವಾಗುವುದು ಕೋಣೆ, ಅದರ ದರವನ್ನು ಲೆಕ್ಕ ಹಾಕುವುದು ಇಬ್ಬರಿದ್ದಾರೆಂದು. ಜಾಹೀರಾತಿನಲ್ಲಿ ತಲೆಗೆ 40,000 ರೂಪಾಯಿ ಎಂದಿದೆ ಎಂದಿಟ್ಟುಕೊಳ್ಳಿ, ಆಗ ಆ ಕೋಣೆಯಿಂದ ಕಂಪೆನಿ ನಿರೀಕ್ಷಿಸುವುದು 80,000. ಒಬ್ಬರೇ ಹೋದರೆ ಒಂದೂವರೆ ಪಟ್ಟು, ಕೆಲವೊಮ್ಮೆ ಪೂರ್ತಿ ಎರಡು ಪಟ್ಟು ಕೊಡಬೇಕಾಗುತ್ತದೆ. ಇದು ಶುದ್ಧ ಅನ್ಯಾಯ ಎನ್ನುವಂತಿಲ್ಲ. ಪಾನೀಯ, ಸ್ಪಾ, ಕ್ಯಾಸಿನೊ, ದಡದ ಪ್ರವಾಸಗಳಿಂದಲೂ ಹಡಗಿಗೆ ಆದಾಯ ಬರಬೇಕು, ಒಬ್ಬರಿರುವ ಕೋಣೆಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಆದರೆ ಬೇರೆ ದಾರಿಯೇ ಇಲ್ಲವೆನ್ನುವುದೂ ಸುಳ್ಳು. 2010ರಲ್ಲಿ ಯಾನ ಆರಂಭಿಸಿದ ನಾರ್ವೀಜಿಯನ್ ಎಪಿಕ್ ಹಡಗಿನಲ್ಲಿ ಒಬ್ಬೊಬ್ಬರಿಗೆಂದೇ ಸುಮಾರು 100 ಚದರಡಿಯ 128 ಕೋಣೆಗಳನ್ನು ಕಟ್ಟಿ, ಅಲ್ಲಿದ್ದವರು ಕಲೆಯಲು ಪ್ರತ್ಯೇಕ ಚಾವಡಿಯನ್ನೂ ಇಟ್ಟರು. ಆಮೇಲೆ ಬೇರೆ ಕಂಪೆನಿಗಳೂ ಇಂಥ ಕೋಣೆಗಳನ್ನು ಸೇರಿಸಿದವು. ಒಂಟಿ ಗಿರಾಕಿಗಳು ಕೇಳಲಾರಂಭಿಸಿದ ಮೇಲೆ ಮಾರುಕಟ್ಟೆ ಬದಲಾಗಿದೆ. ಇಲ್ಲಿಯೂ ಏಜೆಂಟರನ್ನು ‘ತಲೆಗೆ ಎಷ್ಟು’ ಎನ್ನುವ ಬದಲು, ‘ಒಬ್ಬರಿಗೇ ಕೋಣೆ ಬೇಕು, ತೆರಿಗೆ ಸೇರಿ ಒಟ್ಟು ಎಷ್ಟು’ ಎಂದೇ ಕೇಳಬೇಕು.

ಅಷ್ಟು ದುಡ್ಡಿಗೆ ಟೂರ್‌ನವರ ಬಸ್ಸಿನಲ್ಲಿ ಕಾಶಿಗೇ ಹೋಗಿಬರಬಹುದಲ್ಲ ಎನ್ನುವವರಿದ್ದಾರೆ. ಖಂಡಿತ ಹೋಗಬಹುದು. ಆದರೆ ಅಲ್ಲಿ ಏಳುವ ಹೊತ್ತು, ನಿಲ್ಲುವ ಜಾಗ, ಕೋಣೆಯ ಜತೆಗಾರರು ಎಲ್ಲವೂ ಇನ್ನೊಬ್ಬರು ನಿಗದಿ ಮಾಡಿದ್ದು. ಹೆಚ್ಚಿನ ಹಣ ಕೊಟ್ಟು ಕೊಂಡುಕೊಳ್ಳುವುದು ಆ ಆಯ್ಕೆಯನ್ನೇ. ಸುರಕ್ಷತೆಯ ಪ್ರಶ್ನೆ ಇನ್ನೂ ಗಂಭೀರ. ಹಡಗಿಗೆ ಹತ್ತುವಾಗ, ಇಳಿಯುವಾಗ ಕಾರ್ಡ್ ತೋರಿಸಲೇಬೇಕು, ಕೋಣೆ ಚೊಕ್ಕಟ ಮಾಡುವವರು ದಿನವೂ ಬರುತ್ತಾರೆ. ಅಪರಿಚಿತ ಊರಿನ ಲಾಡ್ಜಿಗಿಂತ ಇಲ್ಲಿ ಕಣ್ಣುಗಳು ಹೆಚ್ಚು. ಹಾಗೆಂದು ಹಡಗು ದೇವಸ್ಥಾನವೇನಲ್ಲ. ಕುಡಿತದ ಗದ್ದಲವೂ ಇರುತ್ತದೆ, ಕೋಣೆಯ ಸಂಖ್ಯೆಯನ್ನು ಹೊಸ ಪರಿಚಯದವರಿಗೆ ಹೇಳಬಾರದು. ವೈದ್ಯರಿರುತ್ತಾರೆ, ಆದರೆ ನಡುಗಡಲಲ್ಲಿ ಮಣಿಪಾಲದಂಥ ಆಸ್ಪತ್ರೆ ಸಿಗದು. ಹೃದಯದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿ, ವಿಮೆ ಮಾಡಿಸಿಯೇ ಹೊರಡಬೇಕು. ಇನ್ನು ಸಂಪ್ರದಾಯದ ಮಾತು. ಕಡಲು ದಾಟಬಾರದೆಂಬ ಸಮುದ್ರೋಲ್ಲಂಘನೆಯ ತಕರಾರು ಉಡುಪಿಯಲ್ಲಿ ಹಳೆಯ ಕತೆಯಲ್ಲ: 2008ರ ಪರ್ಯಾಯದಲ್ಲಿ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿಬಂದವರೆಂಬ ಕಾರಣಕ್ಕೇ ವಿವಾದವೆದ್ದಿತ್ತು. ಅವರೇ 2024ರಲ್ಲಿ ನಾಲ್ಕನೆಯ ಬಾರಿ ಪರ್ಯಾಯ ಪೀಠವೇರಿದರು. ಯತಿಗಳ ನಿಯಮದ ಚರ್ಚೆ ಅವರಿಗೇ ಇರಲಿ, ಗೃಹಸ್ಥರನ್ನು ದಡದಲ್ಲಿ ಕಟ್ಟಿಹಾಕಿರುವುದು ಶಾಸ್ತ್ರಕ್ಕಿಂತ ಹೆಚ್ಚಾಗಿ ನೆರೆಮನೆಯವರ ಪ್ರಶ್ನೆ.

ಮೊದಲ ಸಲಕ್ಕೆ ಎರಡು ಮೂರು ರಾತ್ರಿಯ ಯಾನ ಸಾಕು. ಮುಂಗಾರು ಕಳೆದು ಕಡಲು ತಣ್ಣಗಾದ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಓಲಾಟ ಕಡಿಮೆ ಇರುವುದು ಹಡಗಿನ ನಡುಭಾಗದ ಕೆಳ ಅಂತಸ್ತಿನ ಕೋಣೆಗಳಲ್ಲಿ. ಸುರಕ್ಷತಾ ಕವಾಯತನ್ನು ತಪ್ಪಿಸುವಂತಿಲ್ಲ. 2012ರ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ದುರಂತದ ಬಳಿಕ, ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅದನ್ನು ನಡೆಸಬೇಕೆಂದು ಅಂತಾರಾಷ್ಟ್ರೀಯ ನಿಯಮ ಬಂದಿದೆ. ದಡಕ್ಕಿಳಿದಾಗ ಮಾತ್ರ ಗಡಿಯಾರದ ಮೇಲೆ ಕಣ್ಣಿರಲಿ. ಬಸ್ಸಿನಲ್ಲಾದರೆ ‘ನಮ್ಮವರು ಒಬ್ಬರು ಬರ್ಲಿಕ್ಕುಂಟು, ನಿಲ್ಲಿಸಿ’ ಎನ್ನಲು ಜತೆಯವರಿರುತ್ತಾರೆ, ಒಂಟಿ ಪ್ರಯಾಣಿಕರ ಪರವಾಗಿ ಹಡಗಿನಲ್ಲಿ ಆ ಮಾತು ಆಡುವವರಿಲ್ಲ. ಕಡಲು ಮೈಗೆ ಒಗ್ಗುತ್ತದೋ ಇಲ್ಲವೋ ಎಂಬ ಸಂಶಯವಿದ್ದರೆ ಅದಕ್ಕೆ ಉತ್ತರ ಊರಲ್ಲೇ ಉಂಟು. ಆದಿ ಉಡುಪಿ ದಾಟಿ ಪಡುವಣಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಮಲ್ಪೆ. ಅಲ್ಲಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಸುಮಾರು ಅರ್ಧ ಗಂಟೆಯ ಬೋಟು. ಆ ಬೋಟಿನಲ್ಲಿ ದರ ತಲೆಲೆಕ್ಕದ್ದು, ಯಾರೊಟ್ಟಿಗೆ ಬಂದಿರಿ ಎಂದು ಟಿಕೆಟ್ ಕೊಡುವವರು ಕೇಳುವುದಿಲ್ಲ.