ಕೈತೋಟವೂ ಯತ್ನಾಚಾರವೂ: ವಿಜಯಪುರ ಜಿಲ್ಲೆಯ ಶ್ರಾವಕರ ಮನೆಗಳಿಗೆ ಎಲೆಗೊಬ್ಬರದ ಕ್ರಮ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಮನೆಗಳಲ್ಲಿ ಹಿತ್ತಿಲು ಎಂದರೆ ಒಂದು ಕರಿಬೇವು, ಒಂದು ಲಿಂಬೆ, ಪೂಜೆಗೆ ನಾಲ್ಕು ಹೂವಿನ ಗಿಡ. ಹಿತ್ತಿಲಿಲ್ಲದ ಮನೆಯಲ್ಲಿ ಮಾಳಿಗೆಯ ಮೇಲೆ ಕುಂಡಗಳು. ಮಕ್ಕಳಿಗೆ ಮೊಬೈಲ್ ಬಿಟ್ಟು ಬೇರೆ ಹವ್ಯಾಸ ಬೇಕು ಎಂದು ಕೈತೋಟಕ್ಕೆ ಕೈಹಾಕುವ ಕುಟುಂಬಗಳೂ ಈಗ ಇವೆ. ಗಿಡ ನೆಡುವವರೆಗೆ ಯಾರದೂ ತಕರಾರಿಲ್ಲ. ಆದರೆ ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡೋಣ ಎಂದೊಡನೆ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ಕೊಳೆಯುವಲ್ಲಿ ಜೀವೋತ್ಪತ್ತಿ ಆಗುತ್ತದೆ, ಅದನ್ನು ನಾವೇ ಮನೆಯಲ್ಲಿ ಮಾಡಿಕೊಳ್ಳುವುದು ಸರಿಯೇ?

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಉತ್ತರವೂ ಬರೀ ಹೌದು ಅಥವಾ ಅಲ್ಲ ಎಂದು ಮುಗಿಯುವುದಿಲ್ಲ. ಯಾವ ಕ್ರಮದಲ್ಲಿ, ಯಾವ ಕಾಲದಲ್ಲಿ, ಎಷ್ಟು ಎಚ್ಚರದಿಂದ ಮಾಡುತ್ತೇವೆ ಎಂಬುದರ ಮೇಲೆ ಅದು ನಿಂತಿದೆ.

ಶ್ರಾವಕಾಚಾರದ ದೃಷ್ಟಿ

ಜೈನ ಪರಂಪರೆಯಲ್ಲಿ ಕೃಷಿ ನಿಂದ್ಯ ವೃತ್ತಿಯಲ್ಲ. ಭಗವಾನ್ ಋಷಭದೇವರು ಪ್ರಜೆಗಳಿಗೆ ಕಲಿಸಿದ ಆರು ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೇ ಕೃಷಿಯೂ ಇದೆ. ಗೃಹಸ್ಥನ ಬದುಕಿನಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಅಣುವ್ರತಿಯಾದ ಶ್ರಾವಕ ಪೂರ್ತಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದು. ಅಡುಗೆ, ಗುಡಿಸುವುದು, ಗಿಡ ಬೆಳೆಸುವುದು ಇವುಗಳಲ್ಲಿ ಆಗುವುದು ಆರಂಭಿ ಹಿಂಸೆ. ಅದನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು. ಅದಕ್ಕೆ ಬೇಕಾದ ಎಚ್ಚರವೇ ಯತ್ನಾಚಾರ.

ಇನ್ನೊಂದು ಮಾತು ಕೈತೋಟದವರು ಗಮನಿಸಬೇಕಾದದ್ದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕತ್ತರಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ಉದುರಿದ ಎಲೆಯನ್ನು ಗುಡ್ಡೆ ಹಾಕಿ ಸುಡುವ ನಮ್ಮ ರೂಢಿಯನ್ನು ಈ ಕಣ್ಣಿನಿಂದ ನೋಡಿದರೆ ಅದು ಸಣ್ಣ ತಪ್ಪಲ್ಲ. ಎಲೆಯ ಗುಡ್ಡೆಯಲ್ಲಿ ಇರುವೆ, ಜೇಡ, ಸಹಸ್ರಪದಿಗಳು ಮನೆಮಾಡಿಕೊಂಡಿರುತ್ತವೆ.

ಎಸೆದರೆ ಪಾಪ ಕಳೆಯಿತೇ?

ಗೊಬ್ಬರ ಮಾಡದ ಮನೆಯ ಸಿಪ್ಪೆ ಎಲ್ಲಿಗೆ ಹೋಗುತ್ತದೆ? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಓಣಿಯ ಮೂಲೆಗೆ ಎಸೆದರೆ ಬೀದಿಯ ದನ ಸಿಪ್ಪೆಯ ಆಸೆಗೆ ಚೀಲವನ್ನೂ ನುಂಗುತ್ತದೆ. ಆ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿದು ಪಂಚೇಂದ್ರಿಯ ಪ್ರಾಣಿಯ ಜೀವಕ್ಕೆ ಕುತ್ತಾಗುತ್ತದೆ. ಕಸದ ಗಾಡಿಗೆ ಮಿಶ್ರವಾಗಿ ಕೊಟ್ಟರೆ ಗುಡ್ಡೆಯ ಒಳಗೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲ ಹೊಮ್ಮುತ್ತದೆ, ಮೇಲ್ಭಾಗದಲ್ಲಿ ನೊಣದ ಮರಿಹುಳುಗಳು ತುಂಬುತ್ತವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸಗಳನ್ನು ಬೇರ್ಪಡಿಸುವ ಹೊಣೆಯನ್ನು ಮನೆಯವರ ಮೇಲೇ ಹಾಕಿದವು.

ಅಂದರೆ ಕಣ್ಣಿಂದ ದೂರವಾದ ಮಾತ್ರಕ್ಕೆ ಜೀವೋತ್ಪತ್ತಿ ತಪ್ಪಲಿಲ್ಲ. ನಮ್ಮ ಎಚ್ಚರ ತಲುಪದ ಕಡೆ ಅದು ಹೆಚ್ಚಾಯಿತು. ಹಾಗಾಗಿ ಮೊದಲ ಆಯ್ಕೆ ಹಿಂದಿನವರು ಮಾಡುತ್ತಿದ್ದುದೇ: ತಾಜಾ ಸಿಪ್ಪೆ, ಸೊಪ್ಪಿನ ದಂಟು ಅಂದಂದೇ ಆಕಳಿಗೆ ಹಾಕುವುದು. ಈ ನಾಲ್ಕೂ ಊರುಗಳಲ್ಲಿ ದನ ಕಟ್ಟಿದ ಮನೆ ಹತ್ತಿರದಲ್ಲೇ ಸಿಗುತ್ತದೆ. ದನ ತಿನ್ನದೆ ಉಳಿದದ್ದಕ್ಕೆ ಮಾತ್ರ ಗೊಬ್ಬರದ ಗಡಿಗೆ.

ಯಾವ ಗೊಬ್ಬರ ನಮಗೆ ಹೊಂದುತ್ತದೆ?

ಕೈತೋಟದ ತರಬೇತಿಗಳಲ್ಲಿ ಸಾಮಾನ್ಯವಾಗಿ ಹೇಳುವುದು ಎರೆಹುಳು ಗೊಬ್ಬರ. ಹುಳುಗಳನ್ನು ಕೊಂಡು ತಂದು ತೊಟ್ಟಿಯಲ್ಲಿ ಬಿಟ್ಟು ಸಾಕುವ ಪದ್ಧತಿ ಅದು. ತತ್ತ್ವಾರ್ಥಸೂತ್ರದ ಎಣಿಕೆಯಂತೆ ಹುಳು ಎರಡು ಇಂದ್ರಿಯದ ತ್ರಸ ಜೀವಿ. ತೊಟ್ಟಿಯ ಕಾವು ಏರಿದರೆ, ತೇವ ಆರಿದರೆ ಅವು ತಪ್ಪಿಸಿಕೊಳ್ಳಲಾರದೆ ಸಾಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಅದು ಬರೀ ಊಹೆಯ ಮಾತಲ್ಲ. ಕೂಡಿಹಾಕುವುದು (ಬಂಧ), ಅನ್ನಪಾನ ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳು ಎಂಬುದನ್ನು ನೆನೆದರೆ ಹುಳು ಕೊಂಡು ತರುವ ಪದ್ಧತಿ ನಮಗೆ ಬೇಡ.

ಎರಡನೆಯದು ದೊಡ್ಡ ರಾಶಿಯ ಬಿಸಿ ಕಾಂಪೋಸ್ಟ್. ಇದರ ಒಡಲು 55ರಿಂದ 65 ಡಿಗ್ರಿವರೆಗೆ ಕಾಯುತ್ತದೆ; ಆ ಶಾಖಕ್ಕೆ ಒಳಗಿನ ಜೀವಿಗಳು ಉಳಿಯುವುದಿಲ್ಲ. ಪದೇ ಪದೇ ಸಲಿಕೆಯಿಂದ ತಿರುವಿಹಾಕುವ ಕೆಲಸವೂ ಇದೆ.

ಮೂರನೆಯದು ಒಣ ಎಲೆಯೇ ಹೆಚ್ಚಾಗಿರುವ ನಿಧಾನ ಗೊಬ್ಬರ. ಸಣ್ಣ ಗಡಿಗೆಯಲ್ಲಿ ಮಾಡುವುದರಿಂದ ಅಷ್ಟು ಕಾವು ಏರುವುದಿಲ್ಲ, ತಿರುವಬೇಕಿಲ್ಲ. ಹಸಿಯನ್ನು ತಕ್ಷಣ ಒಣ ಎಲೆಯಿಂದ ಮುಚ್ಚುವುದರಿಂದ ನೊಣ ಮೊಟ್ಟೆಯಿಡಲು ಎಡೆಯಿಲ್ಲ. ಇಲ್ಲಿಯೂ ಸೂಕ್ಷ್ಮ ಜೀವಿಗಳೇ ಕೆಲಸ ಮಾಡುತ್ತವೆ. ಹಿಂಸೆ ಸೊನ್ನೆ ಎಂದು ಹೇಳಲಾಗದು. ಆದರೆ ಮೂರರಲ್ಲಿ ತ್ರಸ ಜೀವಿಗಳಿಗೆ ಕಡಿಮೆ ಬಾಧೆ ಇದರಲ್ಲಿಯೇ.

ಎಲೆಗೊಬ್ಬರ ಮಾಡುವ ಕ್ರಮ

1. ಎರಡು ದೊಡ್ಡ ಮಣ್ಣಿನ ಗಡಿಗೆ ಅಥವಾ ಹಳೆಯ ಡ್ರಮ್ಮು ತೆಗೆದುಕೊಳ್ಳಿ. ತಳದಲ್ಲೂ ಸುತ್ತಲೂ ಬೆರಳು ಗಾತ್ರಕ್ಕಿಂತ ಸಣ್ಣ ತೂತುಗಳಿರಲಿ. ಒಳಗಿನಿಂದ ಹತ್ತಿ ಬಟ್ಟೆ ಅಥವಾ ಸಣ್ಣ ಜಾಳಿಗೆ ಹೊದಿಸಿ.

2. ಇಟ್ಟಿಗೆಯ ಮೇಲೆ, ನೆರಳಿನಲ್ಲಿ, ಮಳೆ ತಾಗದ ಕಡೆ ಇಡಿ. ಜನ ಓಡಾಡುವ ದಾರಿ ಬೇಡ.

3. ತಳಕ್ಕೆ ನಾಲ್ಕು ಬೆರಳು ಒಣ ಎಲೆ ಅಥವಾ ಪುಡಿ ಮಾಡಿದ ಶೇಂಗಾ ಹೊಟ್ಟು ಹರಡಿ. ತೊಗರಿ ಹೊಟ್ಟು, ಜೋಳದ ಕಣಕಿಯ ಚೂರು, ಬೇವಿನೆಲೆ ಎಲ್ಲವೂ ಆಗುತ್ತವೆ.

4. ಒಂದು ಪಾಲು ಹಸಿ ಸಿಪ್ಪೆಗೆ ಎರಡು ಪಾಲು ಒಣ ಎಲೆ. ಹಸಿಯಲ್ಲಿ ಸಾರಜನಕ ಹೆಚ್ಚು, ಒಣದರಲ್ಲಿ ಇಂಗಾಲ ಹೆಚ್ಚು. ಇಂಗಾಲ ಸಾರಜನಕದ ಸುಮಾರು 30 ಪಟ್ಟು ಇದ್ದರೆ ವಾಸನೆಯಿಲ್ಲದೆ ಗೊಬ್ಬರವಾಗುತ್ತದೆ. ವಾಸನೆ ಬಂತೆಂದರೆ ಒಣ ಎಲೆ ಸಾಲಲಿಲ್ಲ ಎಂದರ್ಥ.

5. ಸಿಪ್ಪೆಯನ್ನು ಹಾಕುವ ಮುನ್ನ ನೋಡಿ. ಹುಳವಿದ್ದ ಕಾಯಿಯ ತುಂಡನ್ನು ಗಡಿಗೆಗೆ ಹಾಕದೆ ಗಿಡದ ನೆರಳಿನಲ್ಲಿ ಬಿಡಿ.

6. ಸೂರ್ಯಾಸ್ತದ ಮೊದಲೇ ದಿನದ ಸಿಪ್ಪೆ ಗಡಿಗೆ ಸೇರಿ ಮುಚ್ಚಿರಲಿ. ರಾತ್ರಿ ಅಡುಗೆಮನೆಯಲ್ಲಿ ಹಸಿ ಕಸ ಇಟ್ಟುಕೊಂಡರೆ ಜಿರಳೆ, ಇರುವೆಗಳನ್ನು ನಾವೇ ಕರೆದಂತೆ. ರಾತ್ರಿಭೋಜನ ತ್ಯಾಗ ಪಾಲಿಸುವ ಮನೆಗೆ ಇದು ಕಷ್ಟವಲ್ಲ.

7. ಬೇಯಿಸಿದ ಅನ್ನ, ಹಾಲು, ಮೊಸರು, ಎಣ್ಣೆ ಹಾಕಬೇಡಿ. ಲಿಂಬೆ ಸಿಪ್ಪೆ ಸ್ವಲ್ಪವೇ ಇರಲಿ, ಸಣ್ಣದಾಗಿ ಹೆಚ್ಚಿರಲಿ. ಅದು ಕರಗಲು ತಡ.

8. ತೇವ ಹಿಂಡಿದ ಬಟ್ಟೆಯಷ್ಟಿರಲಿ. ಒಣಗಿದರೆ ಸೋಸಿದ ನೀರನ್ನು ಚಿಮುಕಿಸಿ.

9. ಒಂದು ತುಂಬಿದ ಮೇಲೆ ಮುಚ್ಚಿ ಮೂರು-ನಾಲ್ಕು ತಿಂಗಳು ಬಿಡಿ. ಅಷ್ಟರಲ್ಲಿ ಎರಡನೆಯದು ನಡೆಯಲಿ.

ಗೊಬ್ಬರ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಸಿದ್ಧ. ಬಿಸಿಲಿಗೆ ಹರಡಬೇಡಿ. ನೆರಳಿನಲ್ಲಿ ಮೆಲ್ಲಗೆ ಸಾಣಿಸಿ, ಮೇಲೆ ಉಳಿದ ಕಡ್ಡಿ, ಎಲೆ ಮತ್ತು ಅದರಲ್ಲಿರುವ ಜೀವಿಗಳನ್ನು ಹಾಗೆಯೇ ಮುಂದಿನ ಗಡಿಗೆಗೆ ಸೇರಿಸಿ. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವ ನಮ್ಮ ಹಿರಿಯರ ಕ್ರಮವೇ ಇಲ್ಲಿಯೂ.

ಬಸದಿಯ ನಿರ್ಮಾಲ್ಯ ಹೂವನ್ನು ಮನೆಯ ಕಸದೊಡನೆ ಬೆರೆಸಬಾರದು. ಆಡಳಿತ ಸಮಿತಿಯ ಒಪ್ಪಿಗೆಯಿದ್ದರೆ ಬಸದಿಯ ಆವರಣದಲ್ಲೇ, ಕಾಲು ತಾಗದ ಕಡೆ ಬೇರೆ ಗಡಿಗೆ ಇಟ್ಟು, ಆ ಗೊಬ್ಬರವನ್ನು ಅಲ್ಲಿನ ಹೂಗಿಡಗಳಿಗೇ ಹಾಕುವುದು ಒಳ್ಳೆಯದು.

ನಮ್ಮ ಮಣ್ಣು, ನಮ್ಮ ಗಿಡ

ಈ ಭಾಗದಲ್ಲಿ ಹೆಚ್ಚಾಗಿರುವುದು ಎರೆಮಣ್ಣು. ಡೋಣಿ ಸಾಲಿನ ಎರೆ ಬಿಳಿಜೋಳಕ್ಕೆ ಹೆಸರುವಾಸಿ. ಹೊಲದಲ್ಲಿ ತೇವ ಹಿಡಿಯುವ ಇದೇ ಮಣ್ಣು ಕುಂಡದಲ್ಲಿ ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಅಂಟಾಗಿ ಬೇರಿಗೆ ಗಾಳಿ ತಪ್ಪಿಸುತ್ತದೆ. ಮಣ್ಣು, ಮರಳು, ಎಲೆಗೊಬ್ಬರ ಸಮಪಾಲು ಬೆರೆಸಿದರೆ ಸಡಿಲವಾಗುತ್ತದೆ. ಮಣ್ಣು ಪರೀಕ್ಷೆ, ಬೀಜದ ಸಲಹೆಗೆ ಇಂಡಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಜಯಪುರ ಹತ್ತಿರದ ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯವನ್ನೂ ಕೇಳಬಹುದು.

ಗಡ್ಡೆ-ಗೆಣಸು ಅನಂತಕಾಯವಾದ್ದರಿಂದ ಅದು ನಮ್ಮ ತೋಟದಲ್ಲಿ ಬೇಡ. ನೆಲದ ಮೇಲೆ ಬಿಡುವ ಬೆಂಡಿಕಾಯಿ, ಚವಳಿಕಾಯಿ, ಹೀರೇಕಾಯಿ, ತೊಂಡೆ, ಮೆಣಸಿನಕಾಯಿ, ಟೊಮ್ಯಾಟೊ ಇಲ್ಲಿ ಚೆನ್ನಾಗಿ ಬರುತ್ತವೆ. ಪುಂಡಿಪಲ್ಲೆ, ರಾಜಗಿರಿ, ಮೆಂತ್ಯಗಳನ್ನು ಕಿತ್ತು ಬುಡಸಹಿತ ತೆಗೆಯದೆ ಬೇಕಾದಷ್ಟು ಎಲೆ ಚಿವುಟಿದರೆ ಗಿಡ ಉಳಿಯುತ್ತದೆ. ಇಂಡಿ-ಸಿಂದಗಿಯವರಿಗೆ ಲಿಂಬೆ ಹೇಳಿಕೊಡಬೇಕಿಲ್ಲ. ಜಿಐ ಮಾನ್ಯತೆ ಪಡೆದ ಹಣ್ಣಿನ ಊರು ಅದು. ಮನೆಗೆ ಒಂದು ಗಿಡ ಸಾಕು.

ಗಿಡದ ಬುಡಕ್ಕೆ ಎರಡು ಬೆರಳು ಒಣ ಎಲೆ ಹೊದಿಸಿದರೆ ನೀರು ಉಳಿಯುತ್ತದೆ, ಕಳೆಯ ಬೀಜ ಮೊಳೆಯುವುದು ಕಡಿಮೆ. ಮೊಳೆತ ಮೇಲೆ ಕೀಳುವುದಕ್ಕಿಂತ ಮೊಳೆಯದಂತೆ ನೋಡಿಕೊಳ್ಳುವುದು ಲೇಸು. ಚೇಳಿನ ಭಯವಿರುವುದರಿಂದ ಈ ಹೊದಿಕೆ ಬಾಗಿಲ ಬಳಿ ಬೇಡ.

ಹುಳ ಬಿದ್ದರೆ?

ಮನೆಯ ತೋಟದಲ್ಲಿ ಸಂಕಲ್ಪಿ ಹಿಂಸೆ ನುಸುಳುವ ಜಾಗ ಇದು. ವಿಷದ ಸಿಂಪಡಣೆ ಮಾತ್ರವಲ್ಲ, ಹಳದಿ ಅಂಟುಹಾಳೆ, ಮೋಹಕ ಬಲೆಗಳೂ ಕೊಲ್ಲಲೆಂದೇ ಮಾಡಿದವು. ಸಾವಯವ ಎಂಬ ಹೆಸರಿದ್ದರೂ ಇವು ಅಹಿಂಸಕವಲ್ಲ. ಬೇವಿನ ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು: ಅದು ಹುಳವನ್ನು ದೂರವಿಡುತ್ತದೆ ನಿಜ, ಆದರೆ ಎಲೆಯ ಮೇಲಿದ್ದ ಮರಿಹುಳು ಬೆಳೆಯದಂತೆ ತಡೆದು ಸಾಯಿಸಲೂಬಹುದು. ಆದ್ದರಿಂದ ಮೊದಲೇ ತಡೆಯುವುದೇ ದಾರಿ. ಸಸಿಯಿದ್ದಾಗಲೇ ತೆಳು ಬಲೆ ಹೊದಿಸಿ. ಒಂದೇ ಜಾತಿಯ ಗಿಡಗಳನ್ನು ಒತ್ತೊತ್ತಾಗಿ ನೆಡಬೇಡಿ. ಹುಳ ಹತ್ತಿದ ಎಲೆಯನ್ನು ಹುಳಸಹಿತ ಬೇರೆ ಗಿಡದ ನೆರಳಿಗೆ ಸಾಗಿಸಿ. ಒಂದು ಗಿಡ ಹುಳಕ್ಕೇ ಹೋಯಿತೆಂದರೆ ಹೋಗಲಿ. ನಾವು ಹೊಟ್ಟೆಪಾಡಿಗೆ ಬೆಳೆಯುತ್ತಿಲ್ಲವಲ್ಲ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಸೊಳ್ಳೆ ಹುಟ್ಟಲು ಬಿಟ್ಟು ಆಮೇಲೆ ಔಷಧ ಹೊಡೆಯುವುದು ಎರಡು ಸಲ ತಪ್ಪು ಮಾಡಿದಂತೆ.

ವರ್ಷದ ಕೆಲಸ, ಪರ್ವಗಳ ಜೊತೆಗೆ

ಮಾಘ-ಫಾಲ್ಗುಣ: ಬೇವು ಎಲೆ ಉದುರಿಸುವ ಕಾಲ. ಅಂದಂದೇ ಗುಡಿಸಿ, ಜಾಡಿಸಿ, ಚೀಲದಲ್ಲಿ ತುಂಬಿಡಿ. ವರ್ಷಕ್ಕಾಗುವ ಒಣ ಎಲೆ ಆಗಲೇ ಸಿಗುತ್ತದೆ.

ಅಕ್ಷಯ ತೃತೀಯ: ಋಷಭದೇವರ ಪಾರಣೆಯ ಈ ಪರ್ವದ ನಂತರ ಮೊದಲ ಗಡಿಗೆ ತೆರೆದು ಕುಂಡದ ಮಣ್ಣು ಬದಲಿಸಿ. ಅಗೆತವೆಲ್ಲ ಮಳೆಗೆ ಮೊದಲೇ ಮುಗಿಯಲಿ.

ಚಾತುರ್ಮಾಸ: ಜೀವೋತ್ಪತ್ತಿ ಹೆಚ್ಚುವ ಕಾಲ. ಗಡಿಗೆ ತೆರೆಯಬೇಡಿ, ನೆಲ ಅಗೆಯಬೇಡಿ. ಹಸಿ ಸಿಪ್ಪೆ ಆಕಳಿಗೆ. ಈ ಜಿಲ್ಲೆಯಲ್ಲಿ ಭಾದ್ರಪದದ ಹೊತ್ತಿಗೇ ಮಳೆ ಜೋರು. ದಶಲಕ್ಷಣ ಪರ್ವವೂ ಆಗಲೇ. ಸೊಪ್ಪು ತ್ಯಾಗ ಮಾಡಿದ ಮನೆಯಲ್ಲಿ ಸೊಪ್ಪಿನ ಬಿತ್ತನೆ ಬೇಡ. ಅಷ್ಟಮಿ, ಚತುರ್ದಶಿಗಳಂದು ಹಸಿರು ಕೊಯ್ಯುವುದು ಬೇಡ.

ದೀಪಾವಳಿಯ ನಂತರ: ಮಹಾವೀರ ನಿರ್ವಾಣೋತ್ಸವ ಮುಗಿದು ಚಾತುರ್ಮಾಸ ಕಳೆದ ಮೇಲೆ ಎರಡನೆಯ ಗಡಿಗೆ ಸಾಣಿಸಿ ಮೆಂತ್ಯ, ಕೊತ್ತಂಬರಿ ಬಿತ್ತಿ.

ಮನೆಯವರಲ್ಲಿ ಯಾರಿಗೆ ಯಾವ ಕೆಲಸ

ಎಲ್ಲರೂ ಎಲ್ಲವನ್ನೂ ಮಾಡಬೇಕಿಲ್ಲ. ಎಂಟನೆಯ ಆರಂಭತ್ಯಾಗ ಪ್ರತಿಮೆ ಮತ್ತು ಅದಕ್ಕೂ ಮೇಲಿನ ವ್ರತ ಹಿಡಿದ ಹಿರಿಯರಿದ್ದರೆ ಅವರಿಗೆ ತೋಟದ ಕೆಲಸ ಹೇಳಬಾರದು, ಅವರ ಹೆಸರಿನಲ್ಲಿ ಮಾಡಿಸಲೂಬಾರದು. ಉಳಿದ ಅಜ್ಜ-ಅಜ್ಜಿಯರು ಸಿಪ್ಪೆ ಆರಿಸಿ ನೋಡುವ, ಬೀಜ ಒಣಗಿಸಿಡುವ ಕೆಲಸಕ್ಕೆ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬಹುದು. ಹಿತ್ತಿಲಿನಲ್ಲಿ ಕಂಡ ಜೀವಿಗಳನ್ನು ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ: ಎರೆಹುಳು ಎರಡು ಇಂದ್ರಿಯ, ಇರುವೆ ಮೂರು, ದುಂಬಿ ನಾಲ್ಕು, ಗುಬ್ಬಿ ಐದು. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಕಣ್ಣಿಗೆ ಕಾಣುತ್ತದೆ. ಋಷಭದೇವರಿಗೆ ಆಲದ ಕೆಳಗೆ, ಮಹಾವೀರರಿಗೆ ಶಾಲವೃಕ್ಷದ ಕೆಳಗೆ ಕೇವಲಜ್ಞಾನವಾಯಿತು ಎಂಬಲ್ಲಿಂದ ತೊಡಗಿ ತೀರ್ಥಂಕರರ ವೃಕ್ಷಗಳ ಪಟ್ಟಿ ಮಾಡಿ ಚಿತ್ರ ಬರೆಯುವುದೂ ರಜೆಯ ದಿನಗಳಿಗೆ ಒಳ್ಳೆಯ ಹವ್ಯಾಸ. ಬೇಸಿಗೆಯಲ್ಲಿ ಹಕ್ಕಿಗಳಿಗೆ ಸೋಸಿದ ನೀರಿಟ್ಟು ದಿನವೂ ಬದಲಿಸುವ ಜವಾಬ್ದಾರಿ ಚಿಕ್ಕವರದಾಗಲಿ.

ಆರಂಭಿಸುವವರು ಒಂದು ಗಡಿಗೆ, ನಾಲ್ಕು ಕುಂಡದಿಂದ ಆರಂಭಿಸಿ. ನೋಡಿಕೊಳ್ಳಲು ಆಗುವಷ್ಟೇ ಇಟ್ಟುಕೊಳ್ಳುವುದು ಪರಿಗ್ರಹ ಪರಿಮಾಣಕ್ಕೂ ಹೊಂದುತ್ತದೆ. ಊರಿಗೆ ಮುನಿಗಳು, ಮಾತಾಜಿಯವರು ಬಂದಾಗ ನಿಮ್ಮ ಮನೆಯ ಕ್ರಮವನ್ನು ವಿವರಿಸಿ ಮಾರ್ಗದರ್ಶನ ಕೇಳಿ. ವ್ರತ-ನಿಯಮಗಳು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಅವರ ಮಾತೇ ನಿಮಗೆ ಕೊನೆಯ ಮಾತು.