ತಲಕಾಡಿನ ಮರಳು ಜಾರುಬಂಡೆಯಲ್ಲ

ಮರಳು ದಿಬ್ಬದ ನೆತ್ತಿಯಲ್ಲಿ ಹಲಗೆಯೊಂದಕ್ಕೆ ಪಾದಗಳನ್ನು ಬಿಗಿದು ನಿಂತು ಕೆಳಕ್ಕೆ ಜಾರುವ ಆಟಕ್ಕೆ ಸ್ಯಾಂಡ್‌ಬೋರ್ಡಿಂಗ್ ಎಂದು ಹೆಸರು. ಪೆರು ದೇಶದ ವಾಕಚೀನಾ, ನಮೀಬಿಯಾದ ಸ್ವಾಕೊಪ್ಮುಂಡ್ ಮೊದಲಾದ ಊರುಗಳಿಗೆ ಇದೊಂದು ಜೀವನೋಪಾಯವೇ ಆಗಿದೆ. ಮೈಸೂರಿನ ನಮ್ಮ ನಿವೃತ್ತರ ಕೂಟದಲ್ಲಿ ಮಿತ್ರರೊಬ್ಬರು ಈಚೆಗೆ ಒಂದು ಸಲಹೆ ಮುಂದಿಟ್ಟರು. ರಾಜಸ್ಥಾನಕ್ಕೆ ಜೈಸಲ್ಮೇರ್ ಇದ್ದರೆ ನಮಗೆ ತಲಕಾಡಿದೆ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಅಷ್ಟೊಂದು ಮರಳನ್ನು ಇಟ್ಟುಕೊಂಡು ತಿ. ನರಸೀಪುರ ತಾಲ್ಲೂಕಿನ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಏಕೆ ಹೋಗಬೇಕು, ಅಲ್ಲಿಯೇ ಹಲಗೆ ಬಾಡಿಗೆಗೆ ಕೊಟ್ಟು ಬದುಕಬಾರದೇ ಎಂಬುದು ಅವರ ವಾದ. ಕೇಳಿದವರೆಲ್ಲ ತಲೆದೂಗಿದರು. ಉದ್ಯೋಗದ ಮಾತು ಬಂದಾಗ ತಲೆದೂಗದವರು ಯಾರು? ಆದರೆ ಮರಳು ಎಂದರೆ ಎಲ್ಲೆಡೆಯೂ ಒಂದೇ ಎಂಬ ಎಣಿಕೆ ಈ ವಾದದ ತಳದಲ್ಲಿದೆ. ಅದು ನಿಜವಲ್ಲವೆಂಬುದನ್ನು ನಾನು ಪುಸ್ತಕದಿಂದಲ್ಲ, ಹಲಗೆಯ ಮೇಲೆ ನಿಂತು ಕಂಡುಕೊಂಡೆ.

ಮಗಳು, ಅಳಿಯ ದುಬೈಯಲ್ಲಿದ್ದಾರೆ. ಕಳೆದ ಚಳಿಗಾಲದಲ್ಲಿ ಅವರ ಮನೆಗೆ ಹೋದಾಗ ಅರ್ಧ ದಿನದ ಮರುಭೂಮಿ ಪ್ರವಾಸವೊಂದಕ್ಕೆ ನಮ್ಮನ್ನು ಹೊರಡಿಸಿದರು. ನಮ್ಮ ಹಣದಲ್ಲಿ ತಲೆಗೆ ಸುಮಾರು 4,000 ರೂಪಾಯಿ. ಮಧ್ಯಾಹ್ನ ಮೂರರ ಹೊತ್ತಿಗೆ ಮನೆಯ ಬಾಗಿಲಿಗೆ ಜೀಪು ಬಂತು. ಹತ್ತಾ ರಸ್ತೆಯಲ್ಲಿ ಸಾಗಿ ಲಹಬಾಬ್ ಎಂಬ ಕಡೆ ಡಾಂಬರು ಬಿಡುವ ಮುನ್ನ ಚಾಲಕ ಇಳಿದು ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿದ. ಗಾಳಿ ಇಳಿದ ಚಕ್ರ ಅಗಲವಾಗಿ ಮರಳನ್ನು ತುಳಿಯುತ್ತದೆ, ಹೂತುಹೋಗುವುದಿಲ್ಲ. ಅಲ್ಲಿನ ಮರಳು ಕೆಂಪು. ಕಣಗಳಿಗೆ ಅಂಟಿದ ಕಬ್ಬಿಣದ ಆಕ್ಸೈಡಿನ ಬಣ್ಣವದು.

ಮಾರ್ಗದರ್ಶಿ ಮಂಜೇಶ್ವರದ ಕಡೆಯ ಯುವಕ. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಡ, ಕನ್ನಡಕ್ಕೆ ಹೊರಳಿದ. ಹಲಗೆಯ ತಳಕ್ಕೆ ಮೇಣ ಉಜ್ಜುತ್ತ, "ಹಿಮದ ಹಾಗೆ ಇದು ತಾನಾಗಿ ಜಾರುದಿಲ್ಲ ಸರ್, ಪ್ರತಿ ಸಲ ಮೇಣ ಹಾಕ್ಲೇಬೇಕು" ಎಂದ. ಹಿಮದ ಮೇಲೆ ಹಲಗೆ ಜಾರುವಾಗ ಉಜ್ಜುವಿಕೆಯ ಬಿಸಿಗೆ ತೆಳುವಾದ ನೀರಿನ ಪದರ ಮೂಡುತ್ತದೆ. ಮರಳಿನಲ್ಲಿ ಆ ಅನುಕೂಲವಿಲ್ಲ. ಮರಳು ತೇವವಾಗಿದ್ದರಂತೂ ಹಲಗೆ ಕದಲುವುದೇ ಇಲ್ಲ. ಇಬ್ಬನಿ ಆರದ ಮುಂಜಾವಿನ ಹೊತ್ತು ಈ ಆಟಕ್ಕೆ ಒಗ್ಗುವುದಿಲ್ಲವೆಂದು ಅವನೇ ಹೇಳಿದ.

ಜಾರುವುದಕ್ಕಿಂತ ಹತ್ತುವುದೇ ದೊಡ್ಡ ಕೆಲಸ. ದಿಬ್ಬದ ಗಾಳಿ ಬೀಸುವ ಕಡೆಯ ಮೈ ಉದ್ದಕ್ಕೆ ಮಲಗಿದಂತಿರುತ್ತದೆ. ಗಾಳಿ ಮರೆಯ ಮೈ ಕಡಿದು. ಒಣ ಮರಳು ಸುಮಾರು 34 ಡಿಗ್ರಿಗಿಂತ ಹೆಚ್ಚಿನ ಓರೆಯಲ್ಲಿ ನಿಲ್ಲಲಾರದು, ತಾನೇ ಕುಸಿದು ಆ ಓರೆಗೆ ಬರುತ್ತದೆ. ಜಾರಲು ಬೇಕಾದದ್ದು ಈ ಕಡಿದಾದ ಮೈ. ಅದನ್ನು ಏರುವಾಗ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ. ನೆತ್ತಿ ಮುಟ್ಟುವಷ್ಟರಲ್ಲಿ ಉಸಿರು ಕಟ್ಟಿತು. "ರೀ, ಸೊಂಟ ಗಿಂಟ ಮುರ್ಕೋಬೇಡಿ, ಕೂತ್ಕೊಂಡೇ ಜಾರಿ" ಎಂದು ಕೆಳಗಿನಿಂದ ನನ್ನ ಪತ್ನಿಯ ಕೂಗು. ಮೊದಲ ಸಲ ಹಾಗೆಯೇ ಮಾಡಿದೆ. ಎರಡನೆಯ ಸಲ ಮೊಮ್ಮಗಳು, "ತಾತ, ನಿಂತ್ಕೊಳ್ಳಿ, ಏನೂ ಆಗಲ್ಲ" ಎಂದಳು. ಮಂಡಿ ಬಾಗಿಸಿ, ಮೈಭಾರವನ್ನು ಹಿಂಗಾಲಿಗೆ ಕೊಟ್ಟು, ದೃಷ್ಟಿಯನ್ನು ದೂರಕ್ಕೆ ನೆಟ್ಟು ನಿಂತೆ. ಹತ್ತು ಸೆಕೆಂಡು ಇದ್ದಿರಬಹುದು. ಕಿವಿಯಲ್ಲಿ ಗಾಳಿ, ಕಾಲಡಿಯಲ್ಲಿ ರೇಷ್ಮೆ ಹರಿದಂಥ ಸದ್ದು. ಬುಡ ಇನ್ನು ನಾಲ್ಕು ಮಾರಿದೆ ಎನ್ನುವಾಗ ಮಗುಚಿಕೊಂಡು ಬಿದ್ದೆ. ಬಾಯಿ ತುಂಬ ಮರಳು, ಮನಸ್ಸು ತುಂಬ ಆನಂದ. ಅರವತ್ತು ದಾಟಿದವರೂ ಒಮ್ಮೆ ಮಾಡಬಹುದಾದ ಕೆಲಸವೇ ಸರಿ.

ಹಾಗೆ ನೋಡಿದರೆ ಇದು ನನಗೆ ಹೊಸದೇನಲ್ಲ. ಬಾಲ್ಯದಲ್ಲಿ ತಲಕಾಡಿಗೆ ಹೋದಾಗ ತೆಂಗಿನ ಮಟ್ಟೆಯ ಮೇಲೆ ಕುಳಿತು ನಾವು ಮಾಡುತ್ತಿದ್ದದ್ದೂ ಇದನ್ನೇ. ಮೇಣವೊಂದಿರಲಿಲ್ಲ.

ಸಂಜೆ ಚಹಾ ಕುಡಿಯುತ್ತ ಕುಳಿತಾಗ ಎದುರಿನ ದಿಬ್ಬದ ಮೈಯೆಲ್ಲ ಗೀರುಗಳಿಂದ ತುಂಬಿತ್ತು. ನಮ್ಮಂಥ ಹತ್ತಾರು ಗುಂಪುಗಳು ಅಂದು ಅಲ್ಲಿ ಜಾರಿದ್ದವು. ದಿನವೂ ಹೀಗಾದರೆ ಈ ದಿಬ್ಬ ಉಳಿಯುವುದುಂಟೇ ಎಂದು ಕೇಳಿದೆ. "ನಾಳೆ ಬೆಳಿಗ್ಗೆ ಬಂದು ನೋಡಿ ಸರ್, ಒಂದು ಗುರುತೂ ಇರ್ಲಿಕ್ಕಿಲ್ಲ. ಗಾಳಿ ಎಲ್ಲ ಸರಿ ಮಾಡಿರ್ತದೆ" ಎಂದ ಆ ಹುಡುಗ. ತಲಕಾಡಿನ ಪ್ರಶ್ನೆಗೆ ಉತ್ತರ ಈ ಮಾತಿನಲ್ಲಿದೆ.

ಮರಳು ಚಲಿಸುವ ಬಗೆಯನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟವನು ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳಲ್ಲಿ ಅಲೆದು 1941ರಲ್ಲಿ ಆತ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರ. ಗಾಳಿಗೆ ಕಣವೊಂದು ನೆಗೆಯುತ್ತದೆ, ಬಿದ್ದಲ್ಲಿ ಬೇರೆ ಕಣಗಳನ್ನು ನೆಗೆಸುತ್ತದೆ. ಹೀಗೆ ಕುಪ್ಪಳಿಸುತ್ತ ದಿಬ್ಬದ ಬೆನ್ನೇರಿದ ಮರಳು ನೆತ್ತಿಯಿಂದ ಮರೆಯ ಮೈಗೆ ಉರುಳುತ್ತದೆ. ದಿಬ್ಬವೆಂದರೆ ನಿಂತ ವಸ್ತುವಲ್ಲ, ನಡೆಯುತ್ತಿರುವ ಕ್ರಿಯೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲ ವರ್ಷವೇ ಕಲಿಸುವ ಒಂದು ಭೇದವುಂಟು: ಹರಿವು ಬೇರೆ, ದಾಸ್ತಾನು ಬೇರೆ. ಲಹಬಾಬಿನ ಮರಳು ಹರಿವು. ತಲಕಾಡಿನದು ದಾಸ್ತಾನು.

ತಲಕಾಡಿನ ಮರಳೂ ಒಂದು ಕಾಲದಲ್ಲಿ ಹರಿವೇ ಆಗಿತ್ತು. ಗಂಗರ ರಾಜಧಾನಿಯಾಗಿ ಮೆರೆದು, 11ನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿ, ಮುಂದೆ ವಿಷ್ಣುವರ್ಧನನಿಗೆ 'ತಲಕಾಡುಗೊಂಡ' ಎಂಬ ಬಿರುದನ್ನೂ ಕೀರ್ತಿನಾರಾಯಣ ದೇಗುಲವನ್ನೂ ದೊರಕಿಸಿದ ಊರಿದು. ಅದು ಮರಳಾದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ಒಡವೆಗಳೊಡನೆ ತಲಕಾಡಿನ ಕಡೆಗೆ ಬಂದದ್ದು, ಬೆನ್ನಟ್ಟಿದವರನ್ನು ಶಪಿಸಿ ಮಾಲಂಗಿಯ ಮಡುವಿಗೆ ಹಾರಿದ್ದು. ಶಾಪದ ಒಂದು ಭಾಗ ತಲಕಾಡು ಮರಳಾಗಲೆಂಬುದು. ಜನರ ನೆನಪು ಒಂದು ಅನ್ಯಾಯವನ್ನು ಮರೆಯದೆ ಉಳಿಸಿಕೊಂಡ ಬಗೆಯಿದು. ಅದನ್ನು ಗೇಲಿ ಮಾಡುವವರ ಜೊತೆ ನಾನಿಲ್ಲ.

ಆದರೆ ಮರಳಿಗೆ ತನ್ನದೇ ಕಾರಣಗಳಿವೆ. ಕಾವೇರಿ ಇಲ್ಲಿ ಬಲವಾಗಿ ತಿರುವು ಪಡೆಯುತ್ತದೆ. ನೀರಿನ ವೇಗ ತಗ್ಗುವ ತಿರುವಿನ ಒಳಬದಿಯಲ್ಲಿ ಮರಳು ಕೂರುತ್ತದೆ. ತಲಕಾಡಿಗಿಂತ ಮೇಲೆ, ಹೆಮ್ಮಿಗೆಯ ಬಳಿ, ವಿಜಯನಗರ ಕಾಲದ ಮಾಧವ ಮಂತ್ರಿಯ ಹೆಸರಿನ ಅಣೆಕಟ್ಟು ಇದೆ. ಅದು ನೀರನ್ನು ತಡೆದು ನಾಲೆಗೆ ತಿರುಗಿಸಿದ ಮೇಲೆ ಕೆಳಗಿನ ಪಾತ್ರದಲ್ಲಿ ಮರಳು ಬಯಲಾಗಿ ಒಣಗಿತು, ನೈಋತ್ಯ ಮುಂಗಾರಿನ ಗಾಳಿ ಅದನ್ನು ಹೊತ್ತು ಊರಿನ ಮೇಲೆ ಸುರಿಯಿತು ಎಂದು ವಿಜ್ಞಾನಿ ಹಾಗೂ ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರಂಥವರು ವಿವರಿಸಿದ್ದಾರೆ. ಭೂಮಿಯೊಳಗಿನ ಸ್ತರಭಂಗಗಳತ್ತ ಕೈ ತೋರುವ ಭೂವಿಜ್ಞಾನಿಗಳೂ ಇದ್ದಾರೆ. ಏನೇ ಇರಲಿ, ಮರಳು ಊರಿನತ್ತ ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುನ್ನುಗ್ಗುತ್ತಿದೆ, ಜನ ಮನೆ ಬಿಟ್ಟು ಹಿಂದೆ ಸರಿಯುತ್ತಿದ್ದಾರೆ, ಮೂವತ್ತಕ್ಕೂ ಹೆಚ್ಚು ಗುಡಿಗಳು ಮುಚ್ಚಿಹೋಗಿವೆಯಂತೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಗೆಜೆಟಿಯರುಗಳ ಒಣ ಭಾಷೆಯಲ್ಲೂ ಆ ಸಾಲುಗಳನ್ನು ಓದುವಾಗ ಮೈ ಜುಮ್ಮೆನ್ನುತ್ತದೆ.

ಈ ಹರಿವು ಎರಡು ಕಡೆಯಿಂದ ನಿಂತಿತು. ದಿಬ್ಬಗಳ ಮೇಲೆ ನೀಲಗಿರಿ, ಸರ್ವೆ ಮರಗಳನ್ನು ನೆಟ್ಟು ಗಾಳಿಯನ್ನು ಕಟ್ಟಿಹಾಕಲಾಯಿತು. ಇಂದು ಪಾತಾಳೇಶ್ವರ, ಮರಳೇಶ್ವರಗಳಿಗೆ ಹೋಗುವವರು ಮರಗಳ ನಡುವೆ ಮರಳು ತುಳಿದು ಸಾಗಿ, ಹಳ್ಳಕ್ಕೆ ಇಳಿದು ದೇವರನ್ನು ನೋಡುತ್ತಾರೆ. ಇನ್ನೊಂದು ಕಡೆ, ಹೊಸ ಮರಳಿನ ದಾರಿಯೇ ಮುಚ್ಚಿತು. ಕೃಷ್ಣರಾಜಸಾಗರ, ಆಮೇಲೆ ಹೇಮಾವತಿ, ಹಾರಂಗಿ, 1974ರಲ್ಲಿ ಕಪಿಲೆಗೆ ಬೀಚನಹಳ್ಳಿಯ ಕಬಿನಿ. ಜಲಾಶಯಗಳು ನೀರನ್ನು ಬಿಡುತ್ತವೆ. ಹೊತ್ತು ತಂದ ಮರಳನ್ನು ಬಹುಪಾಲು ತಮ್ಮ ಹೊಟ್ಟೆಯಲ್ಲಿಯೇ ಇಟ್ಟುಕೊಳ್ಳುತ್ತವೆ. ಹೀಗಾಗಿ ತಲಕಾಡಿನ ದಿಬ್ಬದ ಮೇಲೆ ಇಂದು ಗೀರು ಬಿದ್ದರೆ ಅದನ್ನು ಅಳಿಸುವ ಗಾಳಿಯಿಲ್ಲ, ಸವೆದದ್ದನ್ನು ತುಂಬುವ ಮರಳಿಲ್ಲ. ಜಾರಲು ಬೇಕಾದ ಬೋಳು ಇಳಿಜಾರು ಬೇಕೆಂದರೆ ಮರ ಕಡಿಯಬೇಕು. ಮರ ಕಡಿದರೆ ಗಾಳಿಗೆ ಬಾಗಿಲು ತೆರೆದಂತೆ. ಅಗೆದು ತೆಗೆದ ಗುಡಿಗಳ ಹಳ್ಳಕ್ಕೆ ಮರಳು ಮತ್ತೆ ಇಳಿಯುತ್ತದೆ.

ಕಾನೂನು ಇದೆಯಲ್ಲ ಎನ್ನಬಹುದು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಆ ನಿಯಮ ಕಟ್ಟಡ ಕಟ್ಟುವುದನ್ನು ತಡೆಯಲು ಹುಟ್ಟಿದ್ದು. ಹಲಗೆ ಹಿಡಿದು ದಿಬ್ಬ ಹತ್ತುವವನನ್ನು ಅದು ಯಾವ ಕಲಮಿನಡಿ ತಡೆಯಬೇಕು? ಕಡತದ ಭಾಷೆ ಬಲ್ಲವರಿಗೆ ಇಂಥ ಸಂದುಗಳು ಚೆನ್ನಾಗಿ ಗೊತ್ತು.

ಇದನ್ನು ಓದುವ ನಂಜನಗೂಡಿನವರು ನಗಬಹುದು. ಮರಳಿನ ಮೇಲೆ ನಾಲ್ಕು ಮಕ್ಕಳು ಜಾರಿದರೆ ಏನು ಹೋಯಿತು, ಮರಳೇ ಲಾರಿ ಹತ್ತಿ ಹೋಗಿದೆಯಲ್ಲ ಎಂದು. ಅವರ ನಗೆಯಲ್ಲಿ ನ್ಯಾಯವಿದೆ. ಈ ಎರಡು ತಾಲ್ಲೂಕುಗಳಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿಯೇ ಕಪಿಲೆಯ ಮರಳು ಎತ್ತಿನ ಗಾಡಿಯಿಂದ ಟ್ರ್ಯಾಕ್ಟರಿಗೆ, ಅಲ್ಲಿಂದ ಟಿಪ್ಪರಿಗೆ ಬಡ್ತಿ ಪಡೆಯಿತು. ಪಾತ್ರದಲ್ಲಿ ಮರಳು ಇದ್ದಾಗ ಅದು ನೀರನ್ನು ಹಿಡಿದಿಟ್ಟುಕೊಂಡು ದಡದ ಬಾವಿಗಳಿಗೆ ಸೋಸಿ ಕೊಡುತ್ತದೆ. ತೆಗೆದಾಗ ಪಾತ್ರ ಆಳವಾಗುತ್ತದೆ, ಬಾವಿಯ ನೀರು ಇಳಿಯುತ್ತದೆ, ಮೀಯಲು ಇಳಿದವರಿಗೆ ಕಾಣದ ಗುಂಡಿ ಉಳಿಯುತ್ತದೆ. ಕಿರು ಖನಿಜಕ್ಕೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂತು. ಆದರೂ ನದಿಯ ಮರಳಿನ ಮೇಲಿನ ಆಸೆ ಹೋಗಿಲ್ಲ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಎಚ್ಚರಿಸಿದೆ. ಮರಳುಗಾಡಿನ ನಡುವೆ ಕುಳಿತ ದುಬೈಯೇ ಕಟ್ಟಡಗಳಿಗೆ ಹೊರಗಿನ ಮರಳು ತರಿಸುತ್ತದೆ. ಗಾಳಿ ಉರುಳಿಸಿದ ಕಣ ಗುಂಡಗಾಗಿ ನುಣುಪಾಗಿರುತ್ತದೆ, ಗಾರೆಗೆ ಕಚ್ಚುವುದಿಲ್ಲ. ನದಿಯ ಕಣಕ್ಕೆ ಮೊನೆಯಿದೆ. ಅವರ ಮರಳು ಜಾರಲು ಮಾತ್ರ ಯೋಗ್ಯ. ಅದನ್ನೇ ಅವರು ಬಂಡವಾಳ ಮಾಡಿಕೊಂಡರು.

ಅವರಿಂದ ನಾವು ಕಲಿಯಬೇಕಾದದ್ದು ಹಲಗೆಯ ವಿದ್ಯೆಯನ್ನಲ್ಲ. ಆ 4,000 ರೂಪಾಯಿಯಲ್ಲಿ ಹಲಗೆಯ ಪಾಲು ಅತ್ಯಲ್ಪ. ಮನೆ ಬಾಗಿಲಿಗೆ ಬರುವ ವಾಹನ, ಹೊತ್ತಿಗೆ ಸರಿಯಾಗಿ ಹೊರಡುವ ಶಿಸ್ತು, ಮರಳಿನ ಬಣ್ಣಕ್ಕೂ ಓರೆಗೂ ಕಾರಣ ಹೇಳಬಲ್ಲ ಒಬ್ಬ ಮನುಷ್ಯ, ಕೊನೆಗೊಂದು ಲೋಟ ಚಹಾ. ನಾವು ಹಣ ತೆತ್ತದ್ದು ಇವುಗಳಿಗೆ. ತಲಕಾಡಿಗೆ ಹೋದವರಿಗೆ ಇದರಲ್ಲಿ ಏನು ಸಿಗುತ್ತದೆ? ಪಂಚಲಿಂಗ ದರ್ಶನದ ವರ್ಷಗಳಲ್ಲಿ, 2009, 2013, 2020ರಲ್ಲಿ ನಡೆದಂತೆ, ಆಡಳಿತವೆಲ್ಲ ಅಲ್ಲಿ ನೆರೆಯುತ್ತದೆ. ಉಳಿದ ದಿನ ಪ್ರವಾಸಿ ಗುಡಿ ನೋಡಿ, ಹೊಳೆಯಲ್ಲಿ ಮಿಂದು, ಶಾಪದ ಕಥೆಯನ್ನು ಅರ್ಧಂಬರ್ಧ ಕೇಳಿ ಮರಳುತ್ತಾನೆ. ಕಾಲಡಿಯ ಮರಳು ಎಲ್ಲಿಂದ ಬಂತು, ಏಕೆ ನಿಂತಿತು ಎಂದು ಹೇಳುವವರಿಲ್ಲ.

ಅರ್ಧ ದಿನ ಸಾಕು. ಬೆಳಿಗ್ಗೆ ಆರೂವರೆಗೆ ತಿ. ನರಸೀಪುರದ ಸಂಗಮದಿಂದ ಹೊರಟು, ಹೆಮ್ಮಿಗೆಯಲ್ಲಿ ಮಾಧವ ಮಂತ್ರಿ ಅಣೆಕಟ್ಟನ್ನು ತೋರಿಸಿ, ತಲಕಾಡಿನ ಮರಳನ್ನು ನಡೆದು ದಾಟಿ, ಕೀರ್ತಿನಾರಾಯಣನ ಹಳ್ಳದ ಅಂಚಿನಲ್ಲಿ ನಿಂತು ಮರಳು ಎಷ್ಟು ಎತ್ತರಕ್ಕೆ ಏರಿತ್ತೆಂಬುದನ್ನು ಕಣ್ಣಳತೆಯಲ್ಲಿ ತಿಳಿಸಿ, ಮುಡುಕುತೊರೆಯ ಬೆಟ್ಟದ ಮೇಲಿಂದ ನದಿಯ ತಿರುವನ್ನು ಕಾಣಿಸಬಹುದು. ಇದಕ್ಕೆ ಬೇಕಾದದ್ದು ತರಬೇತಿ ಪಡೆದ ಸ್ಥಳೀಯ ಪದವೀಧರರು ಹತ್ತು ಹದಿನೈದು ಮಂದಿ, ಎರಡು ವ್ಯಾನು. ಹಿಂದಿನ ಕಾಲದ ಹುಡುಗರಂತೆ ತೆಂಗಿನ ಮಟ್ಟೆಯ ಮೇಲೆ ಜಾರುವ ಆಸೆ ಮಕ್ಕಳಿಗಿದ್ದರೆ ಗುಡಿಗಳಿಂದ ದೂರ, ಹೊಳೆಯಂಚಿನ ತಗ್ಗು ದಿಣ್ಣೆಯೊಂದನ್ನು ಗುರುತಿಸಿ ಬಿಡಲಿ. ಅದಕ್ಕೆ ನನ್ನ ತಕರಾರಿಲ್ಲ. ಬೇಸಿಗೆಯಲ್ಲಾದರೆ ಮರಳಿನ ಮೇಲಿನ ನಡಿಗೆಯನ್ನು ಹತ್ತು ಗಂಟೆಯೊಳಗೆ ಮುಗಿಸಬೇಕು. ಆಮೇಲೆ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಡಲೂ ಆಗದು.