ಓಟ ನಮ್ಮದು, ನೀರು ಅವನದು

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪಕ್ಕ, ಲುಡ್ವಿಗ್ಸ್‌ಬುರ್ಗ್ ಜಿಲ್ಲೆಯಲ್ಲಿ ಶ್ವೀಬರ್ಡಿಂಗೆನ್ ಎಂಬ ಸಣ್ಣ ಊರಿದೆ. ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಬಾಷ್ ಕಂಪನಿಯ ದೊಡ್ಡ ತಾಂತ್ರಿಕ ಕೇಂದ್ರ ಇರುವುದು ಇಲ್ಲೇ. ಮೈಕೋ ಕಾರ್ಖಾನೆಯ ಮೂಲಕ ಬೆಂಗಳೂರಿನ ಆಡುಗೋಡಿಗೂ ಈ ಕಂಪನಿಗೂ ಹಳೆಯ ನಂಟು.

2025ರ ಸೆಪ್ಟೆಂಬರ್‌ನಲ್ಲಿ ಊರಿಗೆ ಕಹಿ ಸುದ್ದಿ ಬಂತು. ವಾಹನ ವಿಭಾಗದಲ್ಲಿ ಇನ್ನೂ ಸುಮಾರು 13,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಬಾಷ್ ಪ್ರಕಟಿಸಿತು. ಅದರಲ್ಲಿ ಶ್ವೀಬರ್ಡಿಂಗೆನ್ ಪಾಲು ಸುಮಾರು 1,750. ಬೇಡಿಕೆ ಕುಗ್ಗಿದೆ, ವರ್ಷಕ್ಕೆ 250 ಕೋಟಿ ಯೂರೋ ವೆಚ್ಚ ಇಳಿಸಬೇಕಿದೆ ಎಂಬುದು ಕಂಪನಿ ಕೊಟ್ಟ ಕಾರಣ. ಇಂಥ ಸುದ್ದಿ ಎಲ್ಲ ಮನೆಗಳನ್ನೂ ನಡುಗಿಸುತ್ತದೆ. ದುಡಿಯಲೆಂದೇ ಪರದೇಶದಿಂದ ಬಂದವರಿಗೆ ಸಂಬಳದ ಜೊತೆ ವಾಸದ ಪರವಾನಗಿಯ ಚಿಂತೆಯೂ ಸೇರಿಕೊಳ್ಳುತ್ತದೆ.

ಈ ಸೀಮೆಯ ಕಾರ್ಖಾನೆಗಳಿಗೂ ಮುಸ್ಲಿಮರಿಗೂ ಆರು ದಶಕಗಳ ಸಂಬಂಧ. 1961ರ ಅಕ್ಟೋಬರ್ 30ರಂದು ಜರ್ಮನಿ ಮತ್ತು ತುರ್ಕಿ ಮಾಡಿಕೊಂಡ ಒಪ್ಪಂದದ ಬಳಿಕ ತುರ್ಕಿಯಿಂದ ಕಾರ್ಮಿಕರು ಬಂದರು, ನೆಲೆಸಿದರು, ಈಗ ಮೊಮ್ಮಕ್ಕಳ ಕಾಲ. ಭಾರತದಿಂದ ಬಂದ ಎಂಜಿನಿಯರ್‌ಗಳು ಹೊಸ ಪೀಳಿಗೆ. ಕೆಲಸ ಅಲುಗಿದಾಗ ಇವರಲ್ಲಿ ನಂಬಿದವರ ಬಾಯಲ್ಲಿ ಬರುವ ಮಾತು ತವಕ್ಕುಲ್: ಅಲ್ಲಾಹನೊಬ್ಬನ ಮೇಲೆ ಭಾರ ಹಾಕುವುದು.

ಒಬ್ಬನ ಮೇಲೆಯೇ ಏಕೆ? ಇಸ್ಲಾಮಿನಲ್ಲಿ ಅನ್ನ ಕೊಡುವವನು ಒಬ್ಬನೇ. ಕಂಪನಿ, ಅಂಗಡಿ, ಹೊಲ ಎಲ್ಲವೂ ಆ ಅನ್ನ ಹಾದುಬರುವ ದಾರಿಗಳು. ಒಂದು ದಾರಿ ಮುಚ್ಚಿದರೆ ಕೊಡುವವನ ಕೈ ಬತ್ತುವುದಿಲ್ಲ. ಇದನ್ನು ಒಳಗಿನಿಂದ ಒಪ್ಪಿದವನು ಯಜಮಾನನ ಮುಂದೆ ಕುಗ್ಗುವುದಿಲ್ಲ, ಕೆಲಸ ಹೋದ ಮಾತ್ರಕ್ಕೆ ತನ್ನ ಬೆಲೆಯೇ ಹೋಯಿತೆಂದು ಕೊರಗುವುದೂ ಇಲ್ಲ.

ಆದರೆ ಭಾರ ಹಾಕುವುದೆಂದರೆ ಕೈಕಟ್ಟಿ ಕೂರುವುದಲ್ಲ. ಯೆಮನ್‌ನ ಕೆಲವರು ನಾವು ದೇವರನ್ನು ನಂಬಿದವರು ಎಂದು ಬುತ್ತಿಯಿಲ್ಲದೆ ಹಜ್‌ಗೆ ಹೊರಟು, ಮಕ್ಕಾದಲ್ಲಿ ಜನರ ಮುಂದೆ ಕೈಯೊಡ್ಡುತ್ತಿದ್ದರು. ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳಿ ಎಂಬ ಕುರ್‌ಆನ್ ಆದೇಶ ಬಂದದ್ದು ಆ ಸಂದರ್ಭದಲ್ಲಿ ಎಂದು ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ಹೇಳಿದ್ದಾರೆ. ಒಂಟೆಯನ್ನು ಬಿಟ್ಟು ದೇವರನ್ನು ನಂಬಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ನಂಬು ಎಂಬ ಅರ್ಥದ ಉತ್ತರ ಪ್ರವಾದಿ ಮುಹಮ್ಮದರಿಂದ (ಸ) ಸಿಕ್ಕಿತು. 1095ರಲ್ಲಿ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ದೊಡ್ಡ ಹುದ್ದೆ ಬಿಟ್ಟು ಹೊರಟ ಇಮಾಮ್ ಗಝಾಲಿ, ಏಕದೇವತ್ವ ಮತ್ತು ತವಕ್ಕುಲ್ ಎರಡನ್ನೂ ಒಂದೇ ಅಧ್ಯಾಯದಲ್ಲಿ ಚರ್ಚಿಸಿದರು. ಮುಂದಿಟ್ಟ ಊಟಕ್ಕೆ ಕೈ ಚಾಚದೆ ಕೂರುವುದು ಭಕ್ತಿಯಲ್ಲ, ಮರುಳುತನ ಎಂಬುದು ಅವರ ನಿಲುವು.

ನಮ್ಮ ಕಲಬುರಗಿಯಲ್ಲೂ ಇದಕ್ಕೊಂದು ಸಾಕ್ಷಿಯಿದೆ. 1398ರಲ್ಲಿ ತೈಮೂರನ ದಂಡು ದೆಹಲಿಯ ಮೇಲೆ ಬಂದಾಗ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಆ ನಗರ ಬಿಟ್ಟರು. ಆಗ ಅವರ ವಯಸ್ಸು ಎಂಬತ್ತರ ಹತ್ತಿರ. ಗುಜರಾತಿನ ದಾರಿ ಹಿಡಿದು ದಖ್ಖನ್‌ಗೆ ಬಂದು, ಫಿರೋಜ್ ಶಾಹ್ ಬಹಮನಿಯ ಕಾಲದಲ್ಲಿ ಕಲಬುರಗಿ ಸೇರಿ, 1422ರಲ್ಲಿ ತೀರಿಕೊಳ್ಳುವವರೆಗೂ ಬೋಧಿಸಿದರು, ಬರೆದರು. ದೇವರು ಕಾಯುತ್ತಾನೆಂದು ಅವರು ಉರಿಯುವ ಊರಲ್ಲಿ ಕೂರಲಿಲ್ಲ. ಈ ವಯಸ್ಸಿಗೆ ಇನ್ನೆಲ್ಲಿಗೆ ಎಂದು ಕೈಚೆಲ್ಲಲೂ ಇಲ್ಲ.

ಶ್ವೀಬರ್ಡಿಂಗೆನ್‌ನಲ್ಲಿ ಒಂಟೆ ಕಟ್ಟುವ ಬಗೆ ಬೇರೆ. ಕೆಲಸ ಮುಗಿಯುವ ಮೂರು ತಿಂಗಳ ಮೊದಲೇ ಉದ್ಯೋಗ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಸುದ್ದಿ ತಡವಾಗಿ ತಿಳಿದರೆ ತಿಳಿದ ಮೂರು ದಿನಗಳೊಳಗೆ. ಕಳೆದ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿದವರಿಗೆ ನಿವ್ವಳ ವೇತನದ ಸುಮಾರು ಶೇಕಡಾ 60, ಮಕ್ಕಳಿದ್ದರೆ ಶೇಕಡಾ 67 ಭತ್ಯೆ ಸಿಗುತ್ತದೆ. ಫಾರಂ ತುಂಬುವುದು, ಜರ್ಮನ್ ಭಾಷೆ ಗಟ್ಟಿಮಾಡಿಕೊಳ್ಳುವುದು, ಕಾರ್ಮಿಕ ಸಂಘದ ಜೊತೆ ನಿಂತು ಹಕ್ಕು ಕೇಳುವುದು ಯಾವುದೂ ನಂಬಿಕೆಗೆ ಕುಂದಲ್ಲ. ಒಳಿತಿನ ದಾರಿ ತೋರಿಸೆಂದು ಬೇಡುವ ಇಸ್ತಿಖಾರ ನಮಾಝ್ ಮಾಡಿ ಅರ್ಜಿ ಹಾಕುವವನು ಎರಡು ಕಡೆ ಕಾಲಿಟ್ಟವನೂ ಅಲ್ಲ.

ಇಲ್ಲೊಂದು ಎಚ್ಚರ ಬೇಕು. ತವಕ್ಕುಲ್ ನಾವು ನಮಗೆ ಹೇಳಿಕೊಳ್ಳಬೇಕಾದ ಮಾತು, ನೊಂದವನ ಬಾಯಿ ಮುಚ್ಚಿಸುವ ಮಾತಲ್ಲ. ಮಗನಿಗಾಗಿ ಅತ್ತತ್ತು ಕಣ್ಣು ಬೆಳ್ಳಗಾದ ಯಾಕೂಬರು ಪ್ರವಾದಿಯೇ. ಅವರು ತಮ್ಮ ದುಃಖವನ್ನು ಅಲ್ಲಾಹನ ಮುಂದೆ ಮುಚ್ಚಿಡಲಿಲ್ಲ. ಇನ್ನು ಕಡ್ಡಾಯ ದಾನವಾದ ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಬಡವರ ಜೊತೆ ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಕೆಲಸ ಕಳೆದುಕೊಂಡವನಿಗೆ ನಂಬು ಎಂದಷ್ಟೇ ಹೇಳಿ ಎದ್ದು ಹೋಗುವ ನೆರೆಯವನು ತನ್ನ ಪಾಲಿನ ಕರ್ತವ್ಯ ಬಿಟ್ಟವನು.

ಈ ಎಲ್ಲ ಬೋಧೆಯ ತಿರುಳು ಪ್ರವಾದಿ ಇಬ್ರಾಹೀಮರ ಪತ್ನಿ ಹಾಜರಾ ಅವರ ಕಥೆಯಲ್ಲಿದೆ. ಬರಡು ಕಣಿವೆ, ಬಾಯಾರಿದ ಕೂಸು. ಆ ತಾಯಿ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ಓಡಿದಳು. ನೀರು ಸಿಕ್ಕಿದ್ದು ಸಫಾದಲ್ಲೂ ಅಲ್ಲ, ಮರ್ವಾದಲ್ಲೂ ಅಲ್ಲ. ಅವಳು ಓಡದೆ ಇದ್ದ ಜಾಗದಲ್ಲಿ, ಮಗುವಿನ ಬಳಿ ಝಮ್‌ಝಮ್ ಬುಗ್ಗೆ ಚಿಮ್ಮಿತು. ಹಾಗೆಂದು ಓಟ ವ್ಯರ್ಥವಾಗಲಿಲ್ಲ. ಹಜ್‌ಗೆ ಹೋದವರೆಲ್ಲ ಇಂದಿಗೂ ಅದೇ ಏಳು ಸುತ್ತು ನಡೆಯುತ್ತಾರೆ. ಶ್ರಮ ಒಂದು ಕಡೆ, ಫಲ ಇನ್ನೊಂದು ಕಡೆ ಇರಬಹುದು. ಎರಡನ್ನೂ ಕೂಡಿಸುವವನು ಒಬ್ಬನೇ ಎಂದು ನಂಬಿದವರಿಗೆ ಕಷ್ಟ ತಪ್ಪುವುದಿಲ್ಲ. ಆದರೆ ಹತ್ತನೆಯ ಅರ್ಜಿ ತಿರಸ್ಕೃತವಾದ ದಿನವೂ ಹನ್ನೊಂದನೆಯದನ್ನು ಬರೆಯುವ ಶಕ್ತಿ ಅವರಿಗೆ ಉಳಿದಿರುತ್ತದೆ.